19 ಸಹಿ, 7 ಕ್ಲೋಸಿಂಗ್: ಹೋಲ್‌ಸೇಲಿಂಗ್ ದೊಡ್ಡದು ಮಾಡೋ ಮುಂಚೆ

ಪ್ರಶ್ನೆ: ನಾವು ಡಲ್ಲಾಸ್ ಹತ್ತಿರ ಇದ್ದೇವೆ. ಗಂಡ ಎಚ್-1ಬಿ ಮೇಲೆ ಸಾಫ್ಟ್‌ವೇರ್ ಕೆಲಸದಲ್ಲಿದ್ದಾರೆ. ನನಗೆ ಎಚ್-4 ಇಎಡಿ, ಅಂದರೆ ಅವರ ಹೆಂಡತಿಯಾಗಿ ಸಿಕ್ಕ ಕೆಲಸದ ಅನುಮತಿ ಕಾರ್ಡ್, ಇದೆ. 14 ತಿಂಗಳಿಂದ ನನ್ನ ಹೆಸರಿನ ಎಲ್‌ಎಲ್‌ಸಿ ಮೂಲಕ ಮನೆಗಳ ಹೋಲ್‌ಸೇಲಿಂಗ್ (ಖರೀದಿ ಕಾಂಟ್ರಾಕ್ಟ್ ಮಾಡಿಕೊಂಡು ಆ ಹಕ್ಕನ್ನು ಫೀಗೆ ಬೇರೆ ಬೈಯರ್‌ಗೆ ದಾಟಿಸುವುದು) ಮಾಡುತ್ತಿದ್ದೇನೆ. 19 ಮನೆಗಳಿಗೆ ಕಾಂಟ್ರಾಕ್ಟ್ ಆಯಿತು, 7 ಕ್ಲೋಸ್ ಆದವು, ಅಂದರೆ ಮಾರಾಟ ಪೂರ್ತಿ ಮುಗಿಯಿತು. ಒಟ್ಟು 68,000 ಡಾಲರ್ ಫೀ ಬಂತು. ಮಾರ್ಕೆಟಿಂಗ್‌ಗೆ 21,000 ಹೋಯಿತು, ಇತರೆ ಖರ್ಚು 6,000. ಸಂಜೆ ಹೊತ್ತು ಗಂಡನೂ ಸೆಲ್ಲರ್‌ಗಳಿಗೆ ಫೋನ್ ಮಾಡಿಕೊಡುತ್ತಾರೆ.

ಈಗ ಒಬ್ಬ ಕೋಚ್ 25,000 ಡಾಲರ್ ಪ್ಯಾಕೇಜ್ ಹೇಳುತ್ತಿದ್ದಾರೆ. ಮೂವರು ವರ್ಚುವಲ್ ಅಸಿಸ್ಟೆಂಟ್, ತಿಂಗಳಿಗೆ 10,000 ಎಸ್ಸೆಮ್ಮೆಸ್, ಜೊತೆಗೆ ಟಲ್ಸಾ ಮತ್ತು ಫಿಲಡೆಲ್ಫಿಯಾದಲ್ಲೂ ಶುರು ಮಾಡಬೇಕಂತೆ. ಅಷ್ಟರಲ್ಲಿ ಒಂದು ತೊಂದರೆ ಆಗಿದೆ. ಗಾರ್ಲೆಂಡ್‌ನಲ್ಲಿ 74 ವರ್ಷದ ಅಜ್ಜಿಯೊಬ್ಬರ ಮನೆಯನ್ನು 158,000ಕ್ಕೆ ಕಾಂಟ್ರಾಕ್ಟ್ ಮಾಡಿದ್ದೆ. ಫೇಸ್‌ಬುಕ್‌ನಲ್ಲಿ 172,000ಕ್ಕೆ ಹಾಕಿದೆ. ಬೈಯರ್ ಸಿಗಲಿಲ್ಲ. ಅವರ ಮಗ ಜಾಹೀರಾತು ನೋಡಿ ಫೋನ್ ಮಾಡಿ, 'ನಮ್ಮಮ್ಮನ ಮನೆ ಮಾರೋಕೆ ನೀನ್ಯಾರು?' ಎಂದು ಕೂಗಾಡಿದರು. ದೂರು ಕೊಡುತ್ತಾರಂತೆ. ಡೀಲ್ ಕೈತಪ್ಪಬಾರದು ಎಂದು ಕೋಚ್ ಮಾತು ಕೇಳಿ ಕೌಂಟಿ ಆಫೀಸಿನಲ್ಲಿ ಮೆಮೊರಾಂಡಮ್ (ಈ ಮನೆಗೆ ನನ್ನ ಕಾಂಟ್ರಾಕ್ಟ್ ಇದೆ ಎಂಬ ದಾಖಲೆ) ಕೂಡ ಹಾಕಿಸಿದ್ದೇನೆ. ನಾನು ಮಾಡುತ್ತಿರುವುದು ಕಾನೂನುಬದ್ಧವೇ? ಇದನ್ನು ದೊಡ್ಡದು ಮಾಡಬಹುದೇ? ನನ್ನ ಹತ್ತಿರ 1,800 ಈಮೇಲ್‌ಗಳ ಬೈಯರ್ಸ್ ಲಿಸ್ಟ್ ಇದೆ. ಮನೆಯ ಫೋಟೊ, ನನ್ನ ಬೆಲೆ ಲೆಕ್ಕ, ಟೈಟಲ್ ಕಮಿಟ್‌ಮೆಂಟ್ (ಮಾಲೀಕತ್ವ ಪರಿಶೀಲಿಸಿ ಟೈಟಲ್ ಕಂಪನಿ ಕೊಟ್ಟ ಕಾಗದ) ಪ್ರತಿ ಲಗತ್ತಿಸಿದ್ದೇನೆ.

ಉತ್ತರ: ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಆದರೆ ನಿಮ್ಮ ಪತ್ರದಲ್ಲಿ ಮೂರನೆಯದೊಂದು ಇದೆ, ಅದನ್ನು ನೀವೇ ಗಮನಿಸಿದಂತಿಲ್ಲ. ಸಂಜೆ ಗಂಡ ಫೋನ್ ಮಾಡಿಕೊಡುತ್ತಾರೆ ಎಂಬ ಆ ಸಾಲು. ಮೊದಲು ಅದನ್ನೇ ಹೇಳಿಬಿಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಹೋದರೆ ದುಡ್ಡು ಹೋಗುತ್ತದೆ, ಇದು ಕೆಟ್ಟರೆ ಈ ದೇಶದಲ್ಲಿ ಇರುವುದೇ ಕಷ್ಟವಾಗುತ್ತದೆ.

ಎಚ್-1ಬಿಯಲ್ಲಿ ಇರುವವರು ಅರ್ಜಿ ಹಾಕಿಸಿದ ಕಂಪನಿಗೆ ಮಾತ್ರ ಕೆಲಸ ಮಾಡಬಹುದು. ಶೇರು ಕೊಳ್ಳಬಹುದು, ಎಲ್‌ಎಲ್‌ಸಿಯಲ್ಲಿ ಸುಮ್ನೆ ಹಣ ಹಾಕಿ ಕೂರಬಹುದು. ಸೆಲ್ಲರ್ ಜೊತೆ ಬೆಲೆ ಮಾತಾಡುವುದು, ಫಾಲೋ ಅಪ್ ಮಾಡುವುದು, ಸಹಿ ಹಾಕಿಸುವುದು ಕೆಲಸವೇ. ಸಂಬಳ ತಗೊಂಡಿಲ್ಲ, ಹೆಂಡತಿಗೆ ಸಹಾಯ ಮಾಡಿದ್ದು ಅಷ್ಟೇ ಎಂಬ ಸಮಾಧಾನ ಮನೆಯೊಳಗೆ ಚೆನ್ನಾಗಿರುತ್ತದೆ. ನಾಳೆ ಗ್ರೀನ್ ಕಾರ್ಡ್ ಹಂತದಲ್ಲಿ ಯಾರಾದರೂ ಪ್ರಶ್ನೆ ಎತ್ತಿದರೆ ಅದನ್ನು ನಂಬಿಕೊಂಡು ಕೂರಲು ಆಗುವುದಿಲ್ಲ. ಎಚ್-4 ಇಎಡಿ ಹಾಗಲ್ಲ. 2015ರಿಂದ ಸಿಗುತ್ತಿರುವ ಈ ಕಾರ್ಡ್ ಇದ್ದರೆ ನೀವು ಸ್ವಂತ ವ್ಯಾಪಾರ ಮಾಡಬಹುದು. ಆದರೆ ಅದು ಗಂಡನ ಎಚ್-1ಬಿಗೆ ಕಟ್ಟಿದ ದಾರ. ಆ ಕಡೆ ಕೆಲಸ ಹೋದರೆ ಈ ಕಡೆ ವ್ಯಾಪಾರವೂ ಹೋಗುತ್ತದೆ. ಹಾಗಾಗಿ ಇವತ್ತೇ ಫೋನ್ ಅವರ ಕೈಯಿಂದ ತೆಗೆದುಕೊಳ್ಳಿ. ಈವರೆಗೆ ಆಗಿದ್ದರ ಬಗ್ಗೆ ಒಬ್ಬ ಇಮಿಗ್ರೇಷನ್ ವಕೀಲರ ಹತ್ತಿರ ಒಂದು ಗಂಟೆ ಕೂತು ಮಾತಾಡಿ.

ಸರಿ, ಈಗ ವ್ಯಾಪಾರಕ್ಕೆ ಬರೋಣ. ನಾನು ಟೆಕ್ಸಸ್‌ನ ಟೈಟಲ್ ಕಂಪನಿಗಳಲ್ಲಿ, ಅಂದರೆ ಮಾಲೀಕತ್ವದ ದಾಖಲೆ ಪರಿಶೀಲಿಸಿ ಮಾರಾಟ ಮುಗಿಸಿಕೊಡುವ ಕಂಪನಿಗಳಲ್ಲಿ, 17 ವರ್ಷ ಎಸ್ಕ್ರೋ ಆಫೀಸರ್ ಆಗಿದ್ದವನು. ಎಲ್ಲರ ದುಡ್ಡು, ಎಲ್ಲರ ಸಹಿ ನಮ್ಮ ಮೇಜಿನ ಮೇಲೇ ಸೇರಬೇಕು. ಹೋಲ್‌ಸೇಲರ್‌ಗಳ ಫೈಲ್ ಯಾಕೆ ಮುಗಿಯುತ್ತದೆ, ಯಾಕೆ ಮುಗಿಯುವುದಿಲ್ಲ ಎಂದು ಅಲ್ಲಿ ಕೂತರೆ ಬೇಗ ಗೊತ್ತಾಗುತ್ತದೆ.

ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಹೋಲ್‌ಸೇಲರ್ ಮನೆ ಕೊಳ್ಳುವುದಿಲ್ಲ. ರಿಪೇರಿ ಬೇಕಾದ ಮನೆಯ ಮಾಲೀಕರ ಜೊತೆ ಕಡಿಮೆ ಬೆಲೆಗೆ ಖರೀದಿ ಕಾಂಟ್ರಾಕ್ಟ್ ಮಾಡಿಕೊಳ್ಳುತ್ತಾನೆ. ಆ ಕಾಂಟ್ರಾಕ್ಟ್‌ನಲ್ಲಿ ತನಗೆ ಬಂದ ಹಕ್ಕನ್ನು ರಿಪೇರಿ ಮಾಡಿ ಮಾರುವ ಇನ್‌ವೆಸ್ಟರ್‌ಗೆ ಒಂದು ಫೀ ತೆಗೆದುಕೊಂಡು ವರ್ಗಾಯಿಸುತ್ತಾನೆ. ಇದೇ ಅಸೈನ್‌ಮೆಂಟ್. ಊರಲ್ಲಿ ಅಡ್ವಾನ್ಸ್ ಕೊಟ್ಟು ಅಗ್ರಿಮೆಂಟ್ ಮಾಡಿಕೊಂಡು, ರಿಜಿಸ್ಟ್ರೇಷನ್ ಹೊತ್ತಿಗೆ ಬೇರೆಯವರನ್ನು ತಂದು ನಿಲ್ಲಿಸುವವರನ್ನು ನೋಡಿದ್ದರೆ ನಿಮಗೆ ಇದು ಹೊಸದೇನಲ್ಲ.

ಇದು ಕಾನೂನುಬದ್ಧವೇ? ಕೋಚ್‌ಗಳು 'ನೂರಕ್ಕೆ ನೂರು ಲೀಗಲ್' ಅನ್ನುತ್ತಾರೆ. ಏಜೆಂಟ್‌ಗಳು 'ಇದೆಲ್ಲ ಮೋಸ' ಅನ್ನುತ್ತಾರೆ. ಇಬ್ಬರ ಮಾತನ್ನೂ ಅರ್ಧ ನಂಬಿ. ಕಾಂಟ್ರಾಕ್ಟ್‌ನ ಹಕ್ಕನ್ನು ಇನ್ನೊಬ್ಬರಿಗೆ ಕೊಡುವುದು ಹಳೆಯ, ಒಪ್ಪಿತವಾದ ವಿಷಯ. ಆದರೆ ನಿಮ್ಮದಲ್ಲದ ಮನೆಯನ್ನು ಬೇರೆಯವರಿಗಾಗಿ ಮಾರಲು ಹೊರಟರೆ ಅದು ಬ್ರೋಕರೇಜ್. ಅದಕ್ಕೆ ಲೈಸೆನ್ಸ್ ಬೇಕು. ಟೆಕ್ಸಸ್ 2017ರಲ್ಲೇ ಈ ಗೆರೆಯನ್ನು ಕಾನೂನಿನಲ್ಲಿ ಬರೆದಿಟ್ಟಿತು. ಲೈಸೆನ್ಸ್ ಇಲ್ಲದೆ ಕಾಂಟ್ರಾಕ್ಟ್ ಅಸೈನ್ ಮಾಡಬಹುದು. ಆದರೆ 'ನನ್ನ ಹತ್ತಿರ ಇರುವುದು ಮನೆಯಲ್ಲ, ಕಾಂಟ್ರಾಕ್ಟ್‌ನ ಹಕ್ಕು ಮಾತ್ರ' ಎಂದು ಕೊಳ್ಳಲು ಬರುವವರಿಗೆ ಮೊದಲೇ ತಿಳಿಸಬೇಕು. ತಿಳಿಸದೆ ಮಾರಲು ಹೋದರೆ ಲೈಸೆನ್ಸ್ ಇಲ್ಲದ ಬ್ರೋಕರೇಜ್ ಆಗುತ್ತದೆ. ಟೆಕ್ಸಸ್‌ನಲ್ಲಿ ಅದು ಕ್ಲಾಸ್ ಎ ಮಿಸ್‌ಡಿಮೀನರ್, ಕ್ರಿಮಿನಲ್ ಅಪರಾಧ.

ಈಗ ನಿಮ್ಮ ಫೇಸ್‌ಬುಕ್ ಜಾಹೀರಾತು ತೆಗೆದು ಓದಿ. '3 ಬೆಡ್, ಗಾರ್ಲೆಂಡ್, 172,000, ಕ್ಯಾಶ್ ಓನ್ಲಿ' ಎಂದಷ್ಟೇ ಇದ್ದರೆ ಆ ಮಗನ ದೂರಿಗೆ ಕಾಲು ಇದೆ. 'ಕಾಂಟ್ರಾಕ್ಟ್ ಹಕ್ಕು ಮಾರಾಟಕ್ಕಿದೆ, ಮಾರುವವರು ಆಸ್ತಿಯ ಮಾಲೀಕರಲ್ಲ' ಎಂಬ ಒಂದು ಸಾಲು ಇದ್ದರೆ ಕಥೆ ಬೇರೆ. ನಾನಾಗಿದ್ದರೆ ಇದನ್ನು ಬೈಯರ್‌ಗಷ್ಟೇ ಅಲ್ಲ, ಸೆಲ್ಲರ್‌ಗೂ ಕಾಂಟ್ರಾಕ್ಟ್ ಸಹಿಗೆ ಮುಂಚೆ ಬರವಣಿಗೆಯಲ್ಲಿ ಕೊಟ್ಟು ಸಹಿ ಹಾಕಿಸಿಕೊಳ್ಳುತ್ತೇನೆ. 'ನಾನು ಈ ಮನೆಯನ್ನು ಸ್ವತಃ ಕೊಳ್ಳದೇ ಇರಬಹುದು. ಲಾಭಕ್ಕೆ ಬೇರೆ ಬೈಯರ್‌ಗೆ ವರ್ಗಾಯಿಸಬಹುದು. ನೀವು ಏಜೆಂಟ್ ಮೂಲಕ ಮಾರಿದರೆ ಜಾಸ್ತಿ ಬೆಲೆ ಸಿಗಬಹುದು.' ಹೀಗೆ ಹೇಳಿದರೆ ಸೆಲ್ಲರ್ ಓಡಿಹೋಗುತ್ತಾರೆ ಎಂದು ಹೊಸಬರು ಹೆದರುತ್ತಾರೆ. ನಾನು ಕಂಡಂತೆ, ಇದನ್ನು ಕೇಳಿ ಓಡುವವರು ಕ್ಲೋಸಿಂಗ್ ಹಿಂದಿನ ದಿನ ಹೇಗೂ ಓಡುವವರೇ.

ಇನ್ನು ಆ ಮನೆ. ಅದೊಂದನ್ನೇ ಹತ್ತಿರದಿಂದ ನೋಡೋಣ. ನಿಮ್ಮ ಉಳಿದ ಪ್ರಶ್ನೆಗಳಿಗೆ ಅದರೊಳಗೇ ಉತ್ತರ ಇದೆ.

ಲಗತ್ತಿಸಿದ ಲೆಕ್ಕದಲ್ಲಿ ನೀವು ರಿಪೇರಿ ನಂತರದ ಬೆಲೆ, ಅಂದರೆ ಎಆರ್‌ವಿ, 310,000 ಎಂದು ಹಿಡಿದಿದ್ದೀರಿ. ಈ ವ್ಯಾಪಾರದ ರೂಢಿಯಂತೆ ಅದರ ಶೇ. 70 ಎಂದರೆ 217,000. ರಿಪೇರಿ 45,000, ನಿಮ್ಮ ಫೀ 14,000 ಕಳೆದು 158,000. ಕೂಡಿ ಕಳೆದದ್ದು ಸರಿಯಾಗಿದೆ. ಹಿಡಿದ ಅಂಕಿಗಳೇ ತಪ್ಪು.

310,000 ಎಲ್ಲಿಂದ ಬಂತು? ಯಾವುದೋ ವೆಬ್‌ಸೈಟಿನ ಅಂದಾಜು ಅನ್ನಿಸುತ್ತದೆ. ಟೆಕ್ಸಸ್‌ನಲ್ಲಿ ಮಾರಾಟದ ಬೆಲೆ ಸಾರ್ವಜನಿಕ ದಾಖಲೆಯಲ್ಲಿ ಇರುವುದಿಲ್ಲ. ಪಕ್ಕದ ಮನೆ ಎಷ್ಟಕ್ಕೆ ಹೋಯಿತು ಎಂಬುದು ಏಜೆಂಟ್‌ಗಳ ಎಮ್‌ಎಲ್‌ಎಸ್ ಎಂಬ ಡೇಟಾಬೇಸ್ ಒಳಗಿದೆ. ಹಾಗಾಗಿ ಇಲ್ಲಿ ವೆಬ್‌ಸೈಟಿನ ಅಂದಾಜನ್ನು ನಂಬುವುದು ಇನ್ನೂ ಅಪಾಯ. ಅಷ್ಟು ಡೇಟಾ ಇಟ್ಟುಕೊಂಡ ಜಿಲ್ಲೋ ಕಂಪನಿಯೇ ಮನೆ ಕೊಂಡು ಮಾರುವ ವ್ಯಾಪಾರಕ್ಕೆ ಇಳಿದು, ಬೆಲೆ ಊಹಿಸುವುದರಲ್ಲಿ ಎಡವಿ, 2021ರ ನವೆಂಬರ್‌ನಲ್ಲಿ ಅದನ್ನು ಮುಚ್ಚಿತು. ಒಂದೇ ತ್ರೈಮಾಸಿಕದಲ್ಲಿ ಕೈಯಲ್ಲಿದ್ದ ಮನೆಗಳ ಮೌಲ್ಯವನ್ನು 304 ಮಿಲಿಯನ್ ಡಾಲರ್ ಇಳಿಸಿ ಬರೆಯಬೇಕಾಯಿತು. ಎಮ್‌ಎಲ್‌ಎಸ್ ಇರುವ ಒಬ್ಬ ಸ್ನೇಹಿತರಿಂದ ಆ ಬೀದಿಯ ಸುತ್ತ ಕಳೆದ ಆರು ತಿಂಗಳ ಮಾರಾಟ ತೆಗೆಸಿದೆ. ರಿಪೇರಿಯಾದ, ಅದೇ ಅಳತೆಯ ಮನೆಗಳು 280,000 ಆಸುಪಾಸಿನಲ್ಲಿ ಹೋಗಿವೆ.

ರಿಪೇರಿ ಲೆಕ್ಕದಲ್ಲಿ ಅಡುಗೆಮನೆ, ಬಾತ್‌ರೂಮ್, ಬಣ್ಣ, ನೆಲ, ಛಾವಣಿ ಎಲ್ಲ ಬರೆದಿದ್ದೀರಿ. ಮನೆಯ ಕೆಳಗೆ ಏನಿದೆ ಎಂದು ನೋಡಿಲ್ಲ. ಉತ್ತರ ಟೆಕ್ಸಸ್‌ನ ಜೇಡಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ವರ್ಷಾವರ್ಷ ಹೀಗಾದರೆ ಮೇಲಿನ ಕಾಂಕ್ರೀಟ್ ಸ್ಲ್ಯಾಬ್ ಒಂದು ಕಡೆ ವಾಲುತ್ತದೆ. ನೀವು ಕಳಿಸಿದ ಫೋಟೊದಲ್ಲೇ ಬಾಗಿಲ ಮೂಲೆಯಿಂದ ಓರೆಯಾಗಿ ಏರಿದ ಬಿರುಕು ಕಾಣುತ್ತಿದೆ. ಈ ವಯಸ್ಸಿನ ಮನೆಗಳಲ್ಲಿ ಸ್ಲ್ಯಾಬ್ ಕೆಳಗಿನ ಚರಂಡಿ ಪೈಪ್ ಎರಕದ ಕಬ್ಬಿಣದ್ದು. ಸ್ಲ್ಯಾಬ್ ಎತ್ತಿಸಿದಾಗ ಅದು ಒಡೆಯುವುದು ಮಾಮೂಲು. ಪ್ಲಂಬರ್ ಕರೆಸಿ ಪೈಪಿಗೆ ನೀರು ತುಂಬಿಸಿ ನಿಲ್ಲುತ್ತದೋ ಇಲ್ಲವೋ ನೋಡುವ ಹೈಡ್ರೊಸ್ಟ್ಯಾಟಿಕ್ ಟೆಸ್ಟ್ ಅಂತಿದೆ. ಅನುಭವ ಇರುವ ಬೈಯರ್ ಮೊದಲು ಕೇಳುವುದೇ ಅದನ್ನು. ಆ ಬಿರುಕು ನೋಡಿದವರು 55,000ಕ್ಕಿಂತ ಕಡಿಮೆ ಹಿಡಿಯುವುದಿಲ್ಲ.

280,000ದ ಶೇ. 70 ಎಂದರೆ 196,000. ಅದರಲ್ಲಿ 55,000 ಕಳೆಯಿರಿ. 141,000. ಬೈಯರ್ ಕೊಡಬಹುದಾದ ಒಟ್ಟು ಹಣ ಇಷ್ಟೇ, ನಿಮ್ಮ ಫೀ ಸೇರಿ. ನೀವು ಕೇಳಿದ್ದು 172,000. ಮಧ್ಯೆ 31,000 ಅಂತರ. ಬೈಯರ್ ಸಿಗಲಿಲ್ಲ ಎಂದು ಬರೆದಿದ್ದೀರಿ, ಸಿಗುವ ಹಾಗೇ ಇರಲಿಲ್ಲ. 10,000 ಜನಕ್ಕೆ ಮೆಸೇಜ್ ಹಾಕಿದ್ದರೂ ಈ ಮನೆ ಹೋಗುತ್ತಿರಲಿಲ್ಲ.

ಅಂದ ಹಾಗೆ ಶೇ. 70 ಎಂಬುದು ಶಾಸನವೇನಲ್ಲ. ಬೈಯರ್‌ನ ಸಾಲದ ಬಡ್ಡಿ, ಆಸ್ತಿ ತೆರಿಗೆ, ವಿಮೆ, ಮತ್ತೆ ಮಾರುವಾಗಿನ ಕಮಿಷನ್, ಅವನ ಲಾಭ, ಎಡವಟ್ಟಾದರೆ ಇರಲಿ ಎಂದು ಸ್ವಲ್ಪ, ಇದೆಲ್ಲ ಆ ಶೇ. 30ರೊಳಗೆ ಬರಬೇಕು. ಬಡ್ಡಿ ಏರಿದರೆ ಇದು ಸಾಲುವುದಿಲ್ಲ. 2021ರ ಆರಂಭದಲ್ಲಿ 30 ವರ್ಷದ ಗೃಹಸಾಲದ ಸರಾಸರಿ ಬಡ್ಡಿ ಶೇ. 3ಕ್ಕಿಂತ ಕೆಳಗಿತ್ತು. 2023ರ ಅಕ್ಟೋಬರ್‌ನಲ್ಲಿ ಶೇ. 7.79 ಮುಟ್ಟಿತು. ರಿಪೇರಿ ಮಾಡಿದ ಮನೆ ಮಾರಾಟವಾಗಲು ಹೆಚ್ಚು ದಿನ ಹಿಡಿದರೆ ಬೈಯರ್ ಚೌಕಾಸಿ ಬಿಗಿ ಮಾಡುತ್ತಾನೆ. ನೀವು ನೋಡಿದ ಯೂಟ್ಯೂಬ್ ವಿಡಿಯೋಗಳಲ್ಲಿ ಸುಮಾರು ಆ ಅಗ್ಗದ ಬಡ್ಡಿಯ ಕಾಲದವು. ಆಗ ತಪ್ಪು ಲೆಕ್ಕವನ್ನೂ ಏರುವ ಬೆಲೆ ಮುಚ್ಚಿಬಿಡುತ್ತಿತ್ತು.

ಇನ್ನು ಟೈಟಲ್ ಕಮಿಟ್‌ಮೆಂಟ್. ಅದನ್ನು ಲಗತ್ತಿಸಿದ್ದೀರಿ, ಆದರೆ ಶೆಡ್ಯೂಲ್ ಸಿ ಓದಿದಂತಿಲ್ಲ. ಟೆಕ್ಸಸ್‌ನಲ್ಲಿ ಕ್ಲೋಸಿಂಗ್‌ಗೆ ಮುಂಚೆ ಏನೇನು ಸರಿಪಡಿಸಬೇಕು ಎಂಬ ಪಟ್ಟಿ ಅಲ್ಲೇ ಇರುತ್ತದೆ. ಅದರಲ್ಲಿ ಸ್ಪಷ್ಟವಾಗಿ ಬರೆದಿದೆ: ಮನೆ ಇನ್ನೂ ಅಜ್ಜಿಯ ತೀರಿಕೊಂಡ ಯಜಮಾನರ ಹೆಸರಿನಲ್ಲಿದೆ, ವಿಲ್ ಇಲ್ಲ, ಅವರ ಮೊದಲ ಮದುವೆಯಿಂದ ಒಬ್ಬ ಮಗಳಿದ್ದಾರೆ. ಟೆಕ್ಸಸ್ ಕಾನೂನಿನಲ್ಲಿ, ವಿಲ್ ಇಲ್ಲದೆ ತೀರಿಕೊಂಡವರಿಗೆ ಈ ಮದುವೆಯಿಂದಾಚೆಗೂ ಮಕ್ಕಳಿದ್ದರೆ, ದಂಪತಿಯ ಜಂಟಿ ಆಸ್ತಿಯಲ್ಲಿ ಅವರ ಅರ್ಧ ಪಾಲು ಅವರ ಎಲ್ಲ ಮಕ್ಕಳಿಗೆ ಹೋಗುತ್ತದೆ. ಮದುವೆಯಾದ ಮೇಲೆ ಕೊಂಡ ಮನೆಯಾದ್ದರಿಂದ ಅಜ್ಜಿಗೆ ಅರ್ಧ, ಜೊತೆಗೆ ಅಲ್ಲಿ ವಾಸಿಸುವ ಹಕ್ಕು. ಉಳಿದ ಅರ್ಧ ಇಬ್ಬರಿಗೂ ಸಮ: ಇಡೀ ಮನೆಯ ಕಾಲು ಪಾಲು ಆ ಮಗಳಿಗೆ, ಕಾಲು ಪಾಲು ಮಗನಿಗೆ.

ಅಂದರೆ ನಿಮ್ಮ ಮೇಲೆ ಕೂಗಾಡಿದರಲ್ಲ, ಆ ಮಗನೇ ಆ ಮನೆಗೆ ಒಬ್ಬ ಮಾಲೀಕ. ಅಜ್ಜಿಯ ಸಹಿಯೊಂದರಿಂದ ಈ ಮನೆ ಯಾರಿಗೂ ಹೋಗುತ್ತಿರಲಿಲ್ಲ. ಬೆಲೆ ಸರಿ ಇದ್ದಿದ್ದರೂ ನಮ್ಮಂಥವರ ಮೇಜಿನ ಮೇಲೆ ಬಂದು ನಿಲ್ಲುತ್ತಿತ್ತು.

ಇಂಥ ಫೈಲ್ ಮುಗಿಯುವುದೇ ಇಲ್ಲವಾ? ಮುಗಿಯುತ್ತದೆ. ಕುಟುಂಬವನ್ನು ಬಲ್ಲ, ಆಸ್ತಿಯಲ್ಲಿ ಪಾಲಿಲ್ಲದ ಇಬ್ಬರು ಸಾಕ್ಷಿಗಳಿಂದ ವಾರಸುದಾರರ ಅಫಿಡವಿಟ್ ಮಾಡಿಸಿ, ಎಲ್ಲ ಪಾಲುದಾರರೂ ಸಹಿ ಹಾಕಿದರೆ ಎಷ್ಟೋ ಟೈಟಲ್ ಕಂಪನಿಗಳು ಒಪ್ಪುತ್ತವೆ. ನನ್ನ ಮೇಜಿಗೆ ಒಮ್ಮೆ ಆರು ವಾರಸುದಾರರ ಮನೆ ಬಂದಿತ್ತು. ಒಬ್ಬ ಜೈಲಿನಲ್ಲಿ, ಒಬ್ಬಾಕೆ ಅಲಾಸ್ಕಾದಲ್ಲಿ. ತಂದ ಹೋಲ್‌ಸೇಲರ್ ವಯಸ್ಸಾದ ಹೆಂಗಸು. ದಿನಕ್ಕೆ ಒಬ್ಬರಂತೆ ಫೋನ್ ಮಾಡಿ, ಜೈಲಿಗೆ ನೋಟರಿ ಕಳಿಸಿ, ಎರಡೂವರೆ ತಿಂಗಳಲ್ಲಿ ಮುಗಿಸಿದರು. ಅವರಿಗೆ ಆ ಒಂದು ಫೈಲಿನಲ್ಲಿ ಸಿಕ್ಕ ಫೀ ನಿಮ್ಮ ಮೂರು ಡೀಲ್‌ಗಳಿಗೆ ಸಮ. ಬೇರೆ ಹೋಲ್‌ಸೇಲರ್‌ಗಳು ಬಿಟ್ಟು ಓಡಿದ ಮನೆ ಅದು.

ಈ ಕಥೆ ಸುಮ್ನೆ ಹೇಳಲಿಲ್ಲ. ನಿಮ್ಮ ಅಂಕಿ ನೋಡಿ: 19 ಸಹಿ, 7 ಕ್ಲೋಸಿಂಗ್. 12 ಬಿದ್ದುಹೋಗಿವೆ. 21,000 ಡಾಲರ್ ಮಾರ್ಕೆಟಿಂಗ್ ಅನ್ನು 19ಕ್ಕೆ ಹಂಚಿದರೆ ಕಾಂಟ್ರಾಕ್ಟ್ ಒಂದಕ್ಕೆ ಸುಮಾರು 1,100. ಮುಗಿದ 7ಕ್ಕೆ ಹಂಚಿದರೆ ಒಂದಕ್ಕೆ 3,000. ಸರಾಸರಿ ಫೀ 9,700. ಆ 12ರಲ್ಲಿ 4 ಮನೆ ಉಳಿಸಿಕೊಂಡಿದ್ದರೆ, ಮಾರ್ಕೆಟಿಂಗ್‌ಗೆ ಒಂದು ಡಾಲರ್ ಜಾಸ್ತಿ ಹಾಕದೆ 38,000ಕ್ಕೂ ಹೆಚ್ಚು ಬರುತ್ತಿತ್ತು. ಕೋಚ್ ಹೇಳುವ ಸ್ಕೇಲಿಂಗ್‌ನಲ್ಲಿ ಸಹಿಗಳು ಮೂರು ಪಟ್ಟಾಗುತ್ತವೆ. ಈಗಿನ ರೀತಿಯಲ್ಲೇ ನಡೆದರೆ ಬಿದ್ದುಹೋಗುವವೂ ಮೂರು ಪಟ್ಟಾಗುತ್ತವೆ. 12 ಅಜ್ಜಿಯರ ಬದಲು 36 ಅಜ್ಜಿಯರು ಒಂದು ತಿಂಗಳು ಕಾದು ಕೂರುತ್ತಾರೆ. ಅವರಲ್ಲಿ ಎಷ್ಟು ಜನರಿಗೆ ಕೂಗಾಡುವ ಮಕ್ಕಳಿದ್ದಾರೋ ಲೆಕ್ಕ ಹಾಕಿ.

ಆದ್ದರಿಂದ ನನ್ನ ಅಭಿಪ್ರಾಯ: ಮೊದಲು ಆ 12 ಫೈಲ್ ಮೇಜಿನ ಮೇಲೆ ಹರಡಿ. ಪ್ರತಿಯೊಂದರ ಮೇಲೆ ಯಾಕೆ ಬಿತ್ತು ಎಂದು ಒಂದೇ ಪದ ಬರೆಯಿರಿ. ಬೆಲೆ, ಟೈಟಲ್, ಬೈಯರ್, ಸೆಲ್ಲರ್. ಜಾಸ್ತಿ ಫೈಲ್‌ಗಳ ಮೇಲೆ 'ಬೆಲೆ' ಎಂದೇ ಬರುತ್ತದೆ ಎಂದು ನನ್ನ ಊಹೆ. ಬೆಲೆ ತಪ್ಪಲು ಒಂದು ಮುಖ್ಯ ಕಾರಣ, ನಿಮಗೆ ನಿಜವಾದ ಬೈಯರ್‌ಗಳ ಪರಿಚಯ ಇಲ್ಲದಿರುವುದು. 1,800 ಈಮೇಲ್‌ಗಳ ಬೈಯರ್ಸ್ ಲಿಸ್ಟ್ ಇದೆ ಎಂದು ಬರೆದಿದ್ದೀರಿ. ಅವರಲ್ಲಿ ಅರ್ಧ ಜನ ನಿಮ್ಮಂಥ ಹೋಲ್‌ಸೇಲರ್‌ಗಳೇ. ನಿಮ್ಮ ಡೀಲ್‌ಗೆ ಇನ್ನೂ 5,000 ಸೇರಿಸಿ ಮುಂದೆ ಕಳಿಸುತ್ತಾರೆ ಅಷ್ಟೇ. ನಿಮಗೆ ಬೇಕಾಗಿರುವುದು ಹತ್ತು, ಹನ್ನೆರಡು ಜನ. ಕಳೆದ ಆರು ತಿಂಗಳಲ್ಲಿ ಆ ಜಿಪ್ ಕೋಡ್‌ಗಳಲ್ಲಿ ಬ್ಯಾಂಕ್ ಸಾಲದ ದಾಖಲೆ ಇಲ್ಲದೆ ಡೀಡ್ ಬರೆಸಿಕೊಂಡವರು ಯಾರು ಎಂಬುದು ಕೌಂಟಿ ದಾಖಲೆಯಲ್ಲಿದೆ. ಹುಡುಕಿ, ಫೋನ್ ಮಾಡಿ, ಸಾಧ್ಯವಾದರೆ ಅವರು ಕೆಲಸ ಮಾಡಿಸುತ್ತಿರುವ ಮನೆಗೆ ಹೋಗಿ ನಿಲ್ಲಿ. ಸ್ಲ್ಯಾಬ್ ಮನೆ ಬೇಕೋ, ಕಂಬಗಳ ಮೇಲೆ ಎತ್ತಿ ಕಟ್ಟಿದ ಪಿಯರ್ ಅಂಡ್ ಬೀಮ್ ಬೇಕೋ, ಯಾವ ಬೀದಿ ದಾಟಿದರೆ ಬೇಡ ಎಂದು ಕೇಳಿ. ಕಾಂಟ್ರಾಕ್ಟ್‌ಗೆ ಸಹಿ ಹಾಕಿಸುವ ಮುಂಚೆ ಅವರಲ್ಲಿ ಇಬ್ಬರಿಗೆ ಫೋನ್ ಮಾಡಿ 'ಇಂಥ ಮನೆ ಎಷ್ಟಕ್ಕೆ ಬೇಕು?' ಎಂದು ಕೇಳುವಷ್ಟು ಸಲಿಗೆ ಬಂದರೆ ಬೆಲೆಯ ತಪ್ಪುಗಳು ತಾವೇ ಕಡಿಮೆಯಾಗುತ್ತವೆ.

ಮೊದಲು ಯಾರನ್ನು ಕೆಲಸಕ್ಕೆ ತೆಗೆದುಕೊಳ್ಳಬೇಕು ಎಂದರೆ, ಫೋನ್ ಮಾಡುವವರನ್ನಲ್ಲ, ಫೈಲ್ ನೋಡಿಕೊಳ್ಳುವವರನ್ನು. ಟ್ರಾನ್ಸಾಕ್ಷನ್ ಕೋಆರ್ಡಿನೇಟರ್. ಕಾಂಟ್ರಾಕ್ಟ್ ಆದ ದಿನವೇ ಟೈಟಲ್ ಕಂಪನಿಯಲ್ಲಿ ಫೈಲ್ ತೆರೆಸುವುದು, ಆಪ್ಷನ್ ಪೀರಿಯಡ್ ಮುಗಿಯುವ ಮುಂಚೆ ಶೆಡ್ಯೂಲ್ ಸಿ ಓದಿ ವಾರಸುದಾರರ ಪಟ್ಟಿ ಮಾಡುವುದು, ಬೈಯರ್‌ನ ಅರ್ನೆಸ್ಟ್ ಮನಿ (ಮುಂಗಡ) ಬಂತಾ ನೋಡುವುದು. ಫೈಲಿಗೆ ಇಷ್ಟು ಎಂದು ಕೊಟ್ಟು ಮಾಡಿಸಿಕೊಳ್ಳಬಹುದು.

ಆಪ್ಷನ್ ಪೀರಿಯಡ್ ಬಗ್ಗೆ ಒಂದು ಮಾತು. ಟೆಕ್ಸಸ್ ಕಾಂಟ್ರಾಕ್ಟ್‌ನಲ್ಲಿ ಸಣ್ಣ ಫೀ ಕೊಟ್ಟು ಕೆಲವು ದಿನ, ಯಾವ ಕಾರಣಕ್ಕಾದರೂ ಹಿಂದೆ ಸರಿಯುವ ಹಕ್ಕು ಕೊಳ್ಳಬಹುದು. ಹೋಲ್‌ಸೇಲರ್‌ಗಳು ಇದನ್ನು 30 ದಿನ ಎಂದು ಬರೆಸಿ ಹಾಯಾಗಿ ಇರುತ್ತಾರೆ. ಕಾನೂನಿನಲ್ಲಿ ತಪ್ಪಿಲ್ಲ. ಆದರೆ ಮನೆ ಮಾರಿ ಮಗಳ ಊರಿಗೆ ಹೋಗಲು ಟ್ರಕ್ ಬುಕ್ ಮಾಡಿಕೊಂಡಿರುವ ಮುದುಕಿಗೆ 29ನೇ ದಿನ 'ಬೇಡ' ಅನ್ನುವುದು ನನಗೆ ಸರಿ ಕಾಣುವುದಿಲ್ಲ. 7ರಿಂದ 10 ದಿನದಲ್ಲಿ ಬೈಯರ್ ಗಟ್ಟಿಯಾಗದಿದ್ದರೆ ನಿಮ್ಮ ಬೆಲೆ ತಪ್ಪಿದೆ ಎಂದೇ ಅರ್ಥ. ಆಗಲೇ ಹೇಳಿಬಿಡಿ.

ಎಸ್ಸೆಮ್ಮೆಸ್ ವಿಷಯ. 1991ರ ಟಿಸಿಪಿಎ ಎಂಬ ಫೆಡರಲ್ ಕಾನೂನಿನಡಿ, ನಿಯಮ ಮೀರಿದ ಒಂದೊಂದು ಕರೆ ಅಥವಾ ಮೆಸೇಜ್‌ಗೆ 500 ಡಾಲರ್ ಪರಿಹಾರ ಕೇಳಬಹುದು. ಬೇಕೆಂದೇ ಮಾಡಿದ್ದು ಎಂದು ಕೋರ್ಟಿಗೆ ಅನ್ನಿಸಿದರೆ 1,500 ವರೆಗೆ. ಮಾರ್ಕೆಟಿಂಗ್ ಕರೆ ಬೇಡ ಎಂದು ನೋಂದಾಯಿಸಿದವರ ಡು ನಾಟ್ ಕಾಲ್ ಪಟ್ಟಿಯಲ್ಲಿರುವ 40 ಜನರಿಗೆ ಎರಡೆರಡು ಮೆಸೇಜ್ ಹೋಯಿತು ಅನ್ನಿ. 40,000 ಡಾಲರ್. 'ನಾವು ಮಾರುತ್ತಿಲ್ಲ, ಕೊಳ್ಳುತ್ತಿದ್ದೇವೆ, ಇದು ನಮಗೆ ಅನ್ವಯಿಸುವುದಿಲ್ಲ' ಎಂದು ಕೋಚ್ ಹೇಳಿರಬೇಕಲ್ವಾ? ಆ ವಾದ ಕೆಲವು ಕೋರ್ಟ್‌ಗಳಲ್ಲಿ ನಿಂತಿದೆ, ಕೆಲವು ಕಡೆ ಬಿದ್ದಿದೆ. ನಿಂತರೂ ವಕೀಲರ ಬಿಲ್ ನಿಮ್ಮದೇ. ಮೆಸೇಜ್ ಕಳಿಸಿದ್ದು ಬೇರೆ ದೇಶದ ಅಸಿಸ್ಟೆಂಟ್ ಎಂಬುದೂ ನಿಮ್ಮನ್ನು ಉಳಿಸುವುದಿಲ್ಲ. ಇದರ ಮೇಲೆ ಟೆಕ್ಸಸ್ 2025ರ ಸೆಪ್ಟೆಂಬರ್‌ನಿಂದ ತನ್ನ ಟೆಲಿಫೋನ್ ಮಾರ್ಕೆಟಿಂಗ್ ಕಾನೂನಿನೊಳಗೆ ಮೆಸೇಜ್‌ಗಳನ್ನೂ ಸೇರಿಸಿದೆ. ಅಂಚೆ ಪತ್ರ ನಿಧಾನ, ದುಬಾರಿ. ಆದರೆ ಅದಕ್ಕೆ ಈ ತಲೆನೋವಿಲ್ಲ.

ಟಲ್ಸಾ, ಫಿಲಡೆಲ್ಫಿಯಾ ಎಂಬ ಸಲಹೆ ಓದಿ ನನಗೆ ನಗು ಬಂತು. ಹುಡುಕಿ ಹುಡುಕಿ ಇಂಥ ಊರುಗಳನ್ನೇ ಆರಿಸಿದ್ದಾರೆ. ಟಲ್ಸಾ ಇರುವ ಓಕ್ಲಹೋಮ 2021ರ ನವೆಂಬರ್‌ನಿಂದ ಹೀಗೆ ಕಾಂಟ್ರಾಕ್ಟ್‌ಗಳನ್ನು ಸಾರ್ವಜನಿಕವಾಗಿ ಮಾರುವವರಿಗೆ ಲೈಸೆನ್ಸ್ ಬೇಕು ಎಂದಿದೆ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ 2025ರ ಜನವರಿಯಿಂದ ಲೈಸೆನ್ಸ್ ಕಡ್ಡಾಯ ಮಾಡಿ, ಕಾಂಟ್ರಾಕ್ಟ್ ರದ್ದು ಮಾಡಲು ಮಾಲೀಕರಿಗೆ 30 ದಿನ ಕೊಟ್ಟಿದೆ. ಫಿಲಡೆಲ್ಫಿಯಾ ನಗರದ ಹೋಲ್‌ಸೇಲರ್ ಲೈಸೆನ್ಸ್ ಬೇರೆಯೇ ಇದೆ. ಇಲಿನಾಯ್ 2019ರಿಂದ, 12 ತಿಂಗಳಲ್ಲಿ ಒಂದಕ್ಕಿಂತ ಹೆಚ್ಚು ಡೀಲ್ ಮಾಡಿದರೆ ಲೈಸೆನ್ಸ್ ತೆಗೆದುಕೊಳ್ಳಿ ಎನ್ನುತ್ತಿದೆ. ಸೌತ್ ಕ್ಯಾರೊಲೈನಾ 2024ರಲ್ಲಿ ಬಿಗಿ ಮಾಡಿತು. ಗಾಳಿ ಯಾವ ಕಡೆ ಬೀಸುತ್ತಿದೆ ನೋಡಿ. ಹೊರರಾಜ್ಯದ ಲೀಡ್ ತಾನಾಗಿ ಬಂದರೆ ಅಲ್ಲಿನ ಲೈಸೆನ್ಸ್ ಇರುವ ಒಬ್ಬರಿಗೆ ದಾಟಿಸಿ. ನಿಮಗೆ ಪಾಲು ಬರಬಹುದೋ ಇಲ್ಲವೋ ಎಂಬುದನ್ನೂ ಅಲ್ಲಿನ ವಕೀಲರನ್ನು ಕೇಳಿಯೇ ಮಾತಾಡಿ.

ಹಾಗಾದರೆ ದೊಡ್ಡದಾಗಲು ದಾರಿಗಳೇನು? ಡಬಲ್ ಕ್ಲೋಸಿಂಗ್ ಒಂದು. ನೀವೇ ಮನೆ ಕೊಂಡು ಅದೇ ದಿನವೋ ಮರುದಿನವೋ ಮಾರುವುದು. ಆಗ ನೀವು ನಿಜವಾಗಿ ಮಾಲೀಕರು. ಫೀ ಎಷ್ಟು ಎಂಬುದು ಸೆಲ್ಲರ್‌ನ ಕಾಗದದಲ್ಲಿ ಕಾಣುವುದಿಲ್ಲ. ಆದರೆ ಖರ್ಚು ಎರಡೆರಡು, ಒಂದು ದಿನದ ಸಾಲಕ್ಕೂ ಪಾಯಿಂಟ್ (ಸಾಲದ ಶೇಕಡಾ ಲೆಕ್ಕದ ಫೀ) ಕಟ್ಟಬೇಕು. ಕೊನೆಯ ಬೈಯರ್ ಸರ್ಕಾರ ವಿಮೆ ಕೊಡುವ ಎಫ್‌ಎಚ್‌ಎ ಸಾಲದವನಾದರೆ, ಕೊಂಡ 90 ದಿನದೊಳಗೆ ಮತ್ತೆ ಮಾರುವ ಮನೆಗೆ ಆ ಸಾಲ ಇಲ್ಲ ಎಂಬ ನಿಯಮ ಅಡ್ಡ ಬರುತ್ತದೆ. ಫೀ 20,000 ದಾಟುವ ಡೀಲ್‌ಗೆ ಮಾತ್ರ ನಾನು ಇದನ್ನು ಹೇಳುತ್ತೇನೆ.

ಎರಡನೆಯದು, ನನಗೆ ಜಾಸ್ತಿ ಇಷ್ಟವಾದದ್ದು: ಲೈಸೆನ್ಸ್ ತೆಗೆದುಕೊಳ್ಳಿ. ಟೆಕ್ಸಸ್‌ನಲ್ಲಿ 180 ಗಂಟೆ ಪಾಠ, ಒಂದು ಪರೀಕ್ಷೆ, ನಿಮ್ಮನ್ನು ಸೇರಿಸಿಕೊಳ್ಳುವ ಒಬ್ಬ ಬ್ರೋಕರ್. 25,000 ಡಾಲರ್ ಕೋಚಿಂಗ್‌ನ ಮುಂದೆ ಇದರ ಖರ್ಚು ಏನೂ ಅಲ್ಲ. ಎಮ್‌ಎಲ್‌ಎಸ್ ಕೈಗೆ ಬರುತ್ತದೆ, ಬೆಲೆಯ ಕುರುಡು ಹೋಗುತ್ತದೆ. ಇನ್ನೊಂದು ದೊಡ್ಡ ಲಾಭ, ನಿಮಗೆ ಫೋನ್ ಮಾಡುವ ಮಾಲೀಕರಲ್ಲಿ ಸುಮಾರು ಜನರಿಗೆ ಹೋಲ್‌ಸೇಲಿಂಗ್ ಒಳ್ಳೆಯದೇ ಅಲ್ಲ. ಅವರ ಮನೆ ಮಾಮೂಲಾಗಿ ಮಾರ್ಕೆಟ್‌ಗೆ ಹೋಗಬೇಕು. ಈಗ ಅವರನ್ನು ನೀವು ಕಳೆದುಕೊಳ್ಳುತ್ತಿದ್ದೀರಿ, ಇಲ್ಲವೇ ತಪ್ಪು ದಾರಿಗೆ ಎಳೆಯುತ್ತಿದ್ದೀರಿ. ಲೈಸೆನ್ಸ್ ಇದ್ದರೆ ಅದೇ ಮನೆ ಲಿಸ್ಟ್ ಮಾಡಿ ಕಮಿಷನ್ ತೆಗೆದುಕೊಳ್ಳಬಹುದು. ತೊಂದರೆಯೂ ಇದೆ. ಸ್ವಂತಕ್ಕೆ ಕೊಳ್ಳುವಾಗ ಲೈಸೆನ್ಸ್ ಇದೆ ಎಂದು ಹೇಳಲೇಬೇಕು, ಜವಾಬ್ದಾರಿ ಜಾಸ್ತಿ. ಹೋಲ್‌ಸೇಲಿಂಗ್ ಎಂದರೆ ಕೆಲವು ಬ್ರೋಕರ್‌ಗಳು ಬಾಗಿಲು ಹಾಕಿಕೊಳ್ಳುತ್ತಾರೆ. ಒಪ್ಪುವವರನ್ನು ಮೊದಲೇ ಕೇಳಿ ಸೇರಿ.

ಕೋಚ್ ದುಡ್ಡಿನ ಬಗ್ಗೆ ಉದ್ದ ಹೇಳುವುದಿಲ್ಲ. 2019ರಲ್ಲಿ ಜುರಿಕ್ಸ್ ಎಂಬ ಮನೆ ಫ್ಲಿಪ್ಪಿಂಗ್ ತರಬೇತಿ ಕಂಪನಿಯ ಮೇಲೆ ಫೆಡರಲ್ ಟ್ರೇಡ್ ಕಮಿಷನ್ ಮತ್ತು ಯೂಟಾ ರಾಜ್ಯ ಸೇರಿ ಕೇಸ್ ಹಾಕಿದವು. ಉಚಿತ ಸೆಮಿನಾರ್‌ನಿಂದ ಶುರು ಮಾಡಿ ಸಾವಿರಾರು ಡಾಲರ್ ಪ್ಯಾಕೇಜ್‌ವರೆಗೆ ಏರಿಸುವ ಪದ್ಧತಿ ಅದು. ನಿಮ್ಮ ಕೋಚ್ ಹಾಗೇ ಎಂದು ನಾನು ಹೇಳುತ್ತಿಲ್ಲ. ಆದರೆ ಲೈಸೆನ್ಸ್ ಬೇಕಾದ ಎರಡು ರಾಜ್ಯಗಳಿಗೆ ಲೈಸೆನ್ಸ್ ಇಲ್ಲದವರನ್ನು ಕಳಿಸುವವರಿಗೆ 25,000 ಕೊಡಬೇಕಾ, ನೀವೇ ಯೋಚಿಸಿ.

ತೆರಿಗೆ ವಿಷಯ ನೀವು ಕೇಳಿಲ್ಲ, ಆದರೂ. ಖರ್ಚೆಲ್ಲ ಕಳೆದು 41,000 ಉಳಿದಿದೆ. ಇದು ಬಂಡವಾಳದ ಲಾಭ ಅಲ್ಲ, ದುಡಿಮೆಯ ಆದಾಯ. ಒಂದೇ ವರ್ಷದ್ದು ಎಂದುಕೊಂಡರೆ, ಸ್ವಯಂ ಉದ್ಯೋಗ ತೆರಿಗೆಯೇ ಸುಮಾರು 5,800 ಡಾಲರ್. ಗಂಡನ ಸಂಬಳದ ಜೊತೆ ಸೇರಿ ಬರುವ ಆದಾಯ ತೆರಿಗೆ ಬೇರೆ. ಮೂರು ತಿಂಗಳಿಗೊಮ್ಮೆ ಕಟ್ಟಬೇಕಾದ ಕಂತು ಕಟ್ಟಿಲ್ಲದಿದ್ದರೆ ಸಿಪಿಎ (ಲೆಕ್ಕಪರಿಶೋಧಕರು) ಹತ್ತಿರ ಹೋಗಿ.

ಕೊನೆಗೆ ಮೆಮೊರಾಂಡಮ್. ನಿಮ್ಮ ಕಾಂಟ್ರಾಕ್ಟ್ ಇದೆ ಎಂದು ಕೌಂಟಿ ದಾಖಲೆಯಲ್ಲಿ ಹಾಕಿಸಿದ ಆ ಒಂದು ಹಾಳೆ ಈಗ ಅವರ ಟೈಟಲ್ ಮೇಲೆ ಕೂತಿದೆ. ಅದು ಇರುವವರೆಗೂ ಅವರು ಬೇರೆಯವರಿಗೆ ಮಾರಲು ಹೋದರೆ ಟೈಟಲ್ ಕಂಪನಿ ತಡೆಯುತ್ತದೆ. ಕೊಳ್ಳಲು ನಿಮಗೆ ಆಗುವುದಿಲ್ಲ, ಮಾರಲು ಅವರಿಗೆ ಬಿಡುವುದಿಲ್ಲ ಎಂದಾದರೆ ಮುಂದಿನ ಫೋನ್ ಮಗನಿಂದ ಬರುವುದಿಲ್ಲ, ಅವರ ವಕೀಲರಿಂದ ಬರುತ್ತದೆ. ಈ ವಾರವೇ ಒಬ್ಬ ವಕೀಲರಿಂದ ರಿಲೀಸ್ (ಬಿಡುಗಡೆ ಪತ್ರ) ಬರೆಸಿ, ನೋಟರಿ ಮುಂದೆ ಸಹಿ ಹಾಕಿ, ಡಲ್ಲಾಸ್ ಕೌಂಟಿ ಕ್ಲರ್ಕ್ ಆಫೀಸಿನಲ್ಲಿ ದಾಖಲಿಸಿ. ಕಾಂಟ್ರಾಕ್ಟ್ ರದ್ದತಿಗೂ ಇಬ್ಬರ ಸಹಿ ಆಗಲಿ. ಫೇಸ್‌ಬುಕ್ ಜಾಹೀರಾತು ಇವತ್ತೇ ತೆಗೆಯಿರಿ, ಅದಕ್ಕೆ ಮುಂಚೆ ಅದರ ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ.

ಆಮೇಲೆ ಆ ಮಗನಿಗೆ ನೀವೇ ಫೋನ್ ಮಾಡಿ. ಮೆಮೊರಾಂಡಮ್ ಬಿಡುಗಡೆಯಾಗಿದೆ ಎಂದು ಹೇಳಿ, ಅದರ ಪ್ರತಿ ಕಳಿಸಿ. ಅಕ್ಕನ ಕಾಲು ಪಾಲಿನ ವಿಷಯ ಆತನಿಗೆ ಗೊತ್ತಿದೆಯೋ ಇಲ್ಲವೋ. ಟೈಟಲ್ ಕಮಿಟ್‌ಮೆಂಟ್‌ನ ಆ ಪುಟ ಇಟ್ಟುಕೊಂಡು ವಾರಸುದಾರಿಕೆ ನೋಡುವ ವಕೀಲರನ್ನು ಕಾಣಿ ಎಂದು ಹೇಳಿ. ಮನೆ ನಿಮ್ಮ ಕೈಗೆ ಬರುವುದಿಲ್ಲ. ದೂರು ಬರುವುದು, ಬಿಡುವುದು ಮಾತ್ರ ಆ ಫೋನ್ ಹೇಗೆ ಹೋಗುತ್ತದೆ ಎಂಬುದರ ಮೇಲೂ ನಿಂತಿದೆ.